ಮುಂದಿನ ಸಾಂಕ್ರಾಮಿಕಕ್ಕೆ ಮೊದಲೇ ಬಾಡಿಗೆದಾರರಿಗೆ ಕಾನೂನಿನ ಆಸರೆ ಬೇಕು

ಸಂಪಾದಕರಿಗೆ,

ಮಾನ್ಯರೇ,

2020ರ ಮಾರ್ಚ್ 24ರ ರಾತ್ರಿ ದೇಶವಿಡೀ ಲಾಕ್‌ಡೌನ್ ಘೋಷಣೆಯಾದಾಗ ಸರ್ಕಾರ ಜನರಿಗೆ ಕೊಟ್ಟ ಸೂಚನೆ ಒಂದೇ ಆಗಿತ್ತು: ಮನೆಯಲ್ಲೇ ಇರಿ. ಆ ಮಾತನ್ನು ಪಾಲಿಸಬೇಕಾದರೆ ಮೊದಲು ಮನೆಯಿರಬೇಕು, ತಿಂಗಳ ಐದನೇ ತಾರೀಕು ಬಂದಾಗ ಆ ಮನೆಯಿಂದ ಯಾರೂ ಎಬ್ಬಿಸುವುದಿಲ್ಲವೆಂಬ ಧೈರ್ಯವೂ ಇರಬೇಕು. ನಗರಗಳ ಲಕ್ಷಾಂತರ ಬಾಡಿಗೆದಾರರಿಗೆ ಆ ಧೈರ್ಯವನ್ನು ಅಂದು ಕಾನೂನು ಕೊಡಲಿಲ್ಲ, ಇಂದಿಗೂ ಕೊಟ್ಟಿಲ್ಲ. ಕೋವಿಡ್ ಕಾಲದ ನೆನಪು ಪೂರ್ತಿ ಮಾಸುವ ಮೊದಲು ಈ ಕೊರತೆಯ ಕಡೆಗೆ ಸರ್ಕಾರದ ಮತ್ತು ಓದುಗರ ಗಮನ ಸೆಳೆಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಬಾಡಿಗೆದಾರಳಲ್ಲ. ಬೆಂಗಳೂರಿನ ಲಗ್ಗೆರೆಯಲ್ಲಿ ನಮ್ಮದೊಂದು ಸಣ್ಣ ವಠಾರವಿದೆ. ಕೆಳಗೆ ಮೂರು, ಮೇಲೆ ಎರಡು, ಒಟ್ಟು ಐದು ಮನೆ. ಒಂದರಲ್ಲಿ ನಾನಿದ್ದೇನೆ, ಉಳಿದ ನಾಲ್ಕನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಯಜಮಾನರು ತೀರಿಕೊಂಡ ಮೇಲೆ ನನ್ನ ಮನೆ ಖರ್ಚು, ಔಷಧಿ, ನೀರು-ದೀಪದ ಬಿಲ್ಲು, ಪಾಲಿಕೆಯ ಕಂದಾಯ ಎಲ್ಲ ನಡೆದಿರುವುದು ಆ ಬಾಡಿಗೆಯಿಂದಲೇ. ಮಾಲೀಕರ ಕಷ್ಟ ತಿಳಿಯದೆ ಬಾಡಿಗೆದಾರರ ಪರ ವಕಾಲತ್ತು ಮಾಡುತ್ತಿದ್ದಾಳೆಂದು ಯಾರೂ ತಿಳಿಯಬಾರದೆಂದು ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕೆಳಗಿನ ಮನೆಯೊಂದರಲ್ಲಿ ಯಾದಗಿರಿ ಕಡೆಯ ದಂಪತಿ ಮತ್ತು ಅವರ ಇಬ್ಬರು ಮಕ್ಕಳಿದ್ದರು. ಆಕೆ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದರು, ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಬಾಡಿಗೆ 4,500 ರೂಪಾಯಿ, ನೀರಿಗೆ 200, ಅಡ್ವಾನ್ಸ್ 40,000. ಮೂರು ವರ್ಷದಲ್ಲಿ ಒಂದು ತಿಂಗಳೂ ಅವರ ಬಾಡಿಗೆ ತಡವಾಗಿರಲಿಲ್ಲ. ಏಪ್ರಿಲ್ ಎರಡನೇ ವಾರ ಆಕೆ ಬಾಗಿಲ ಹೊರಗೇ ನಿಂತು, ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು, ಮಡಿಸಿದ ನೋಟುಗಳನ್ನು ಹೊಸ್ತಿಲ ಮೇಲೆ ಇಟ್ಟು ಹಿಂದಕ್ಕೆ ಸರಿದರು. “ಅಮ್ಮಾ, ಈ ತಿಂಗಳು ಇಷ್ಟೇ ಅದಾವ್ರಿ. ಉಳಿದಿದ್ದು ಅಡ್ವಾನ್ಸಿನಾಗ ಮುರ್ಕೊಳ್ರಿ” ಎಂದರು. ಎಣಿಸಿದರೆ 1,500 ಇತ್ತು. ಬಾಡಿಗೆ ಪುಸ್ತಕದಲ್ಲಿ ಅಂದು ‘ಬಾಕಿ 3,200’ ಎಂದು ಬರೆದೆ. ಮುಂದಿನ ತಿಂಗಳು ಬರೆಯಲು ಜಮಾ ಎಂಬುದೇ ಇರಲಿಲ್ಲ.

ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದೆಂಬ ಈ ಮಾತನ್ನು ಆ ಎರಡು ತಿಂಗಳಲ್ಲಿ ಬೆಂಗಳೂರಿನ ಸಾವಿರಾರು ಮನೆಗಳ ಬಾಗಿಲಲ್ಲಿ ಆಡಿರಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಸಿದುಕೊಳ್ಳುವ ರೂಢಿ ಈ ನಗರದಲ್ಲಿ ಎಷ್ಟು ಹಳೆಯದೆಂದರೆ ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. ಆ ಹಣ ಮಾಲೀಕರ ರಕ್ಷಣೆಗಾಗಿ ಇರುವುದು. ಬಾಡಿಗೆದಾರನ ಪಾಲಿಗೆ ಅದು ಊರಿನ ಹೊಲ ಅಡವಿಟ್ಟೋ, ಚೀಟಿ ಎತ್ತಿಯೋ, ಕೈಗಡ ಮಾಡಿಯೋ ತಂದ ಮೂಲಧನ. ಅದು ಕರಗಿದರೆ ಆತ ಈ ಊರಿನಲ್ಲಿ ಇನ್ನೊಂದು ಮನೆ ಹಿಡಿಯಲಾರ. ನಾಲ್ಕು ತಿಂಗಳ ರೋಗ ಒಂದು ಸಂಸಾರದ ನಾಲ್ಕು ವರ್ಷದ ಉಳಿತಾಯವನ್ನು ಹೀಗೆ ಸದ್ದಿಲ್ಲದೆ ನುಂಗಿತು. ಅದು ಯಾವ ಸರ್ಕಾರಿ ಲೆಕ್ಕದಲ್ಲೂ ಬರಲಿಲ್ಲ, ಏಕೆಂದರೆ ಅಲ್ಲಿ ಯಾರನ್ನೂ ‘ಹೊರಹಾಕಿರಲಿಲ್ಲ’. ಅಡ್ವಾನ್ಸ್ ತೀರಿದ ದಿನ ಅವರೇ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಇನ್ನು ಕೆಲವು ಕಡೆ ಮಾಲೀಕರು ಮುರಿದುಕೊಳ್ಳಲೂ ಒಪ್ಪದೆ, ಬಾಡಿಗೆ ಕೈಗೆ ಕೊಡಿ, ಇಲ್ಲವೇ ಖಾಲಿ ಮಾಡಿ ಎಂದರು. ಖಾಲಿ ಮಾಡುವಾಗ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಕಡಿದುಕೊಳ್ಳುವುದಂತೂ ಆ ಕಷ್ಟದಲ್ಲೂ ನಿಲ್ಲಲಿಲ್ಲ.

ಸರ್ಕಾರ ಸುಮ್ಮನಿತ್ತು ಎಂದು ನಾನು ಹೇಳುವುದಿಲ್ಲ. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯವು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಆದೇಶ ಹೊರಡಿಸಿ, ವಲಸೆ ಕಾರ್ಮಿಕರೂ ಸೇರಿದಂತೆ ಬಾಡಿಗೆ ಮನೆಯಲ್ಲಿರುವ ಕಾರ್ಮಿಕರಿಂದ ಮಾಲೀಕರು ಒಂದು ತಿಂಗಳ ಅವಧಿಗೆ ಬಾಡಿಗೆ ಕೇಳಬಾರದೆಂದೂ, ಕಾರ್ಮಿಕರನ್ನು ಮತ್ತು ವಿದ್ಯಾರ್ಥಿಗಳನ್ನು ಬಲವಂತವಾಗಿ ಖಾಲಿ ಮಾಡಿಸಿದರೆ ಕಾಯ್ದೆಯಂತೆ ಕ್ರಮ ಜರುಗಿಸಲಾಗುವುದೆಂದೂ ಹೇಳಿತು. ಆದೇಶ ಪಾಲನೆಯಾಗದಿದ್ದರೆ ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠರೇ ವೈಯಕ್ತಿಕವಾಗಿ ಹೊಣೆ ಎಂದೂ ಅದರಲ್ಲಿತ್ತು. ಓದುವಾಗ ಅದು ಗಟ್ಟಿಯಾದ ಆದೇಶದಂತೆಯೇ ಕಂಡಿತು. ಆದರೆ ‘ಬಾಡಿಗೆ ಕೇಳಬಾರದು’ ಎಂದರೆ ಅರ್ಥವೇನು? ಆ ತಿಂಗಳ ಬಾಡಿಗೆ ಮನ್ನಾ ಆಯಿತೆಂದೇ, ಇಲ್ಲವೇ ಮುಂದಿನ ತಿಂಗಳು ಎರಡೂ ಸೇರಿಸಿ ಕೇಳಬಹುದೆಂದೇ? ನಮ್ಮ ಬೀದಿಯ ಮಾಲೀಕರು ಎರಡನೆಯ ಅರ್ಥವನ್ನು ಹಿಡಿದರು, ಬಾಡಿಗೆದಾರರು ಮೊದಲನೆಯದನ್ನು ಹಿಡಿದರು, ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಮೇ 17ರಂದು ನಾಲ್ಕನೇ ಹಂತದ ಲಾಕ್‌ಡೌನ್ ಮಾರ್ಗಸೂಚಿ ಬಂದಾಗ ಹಿಂದಿನ ಆದೇಶಗಳ ಜತೆಗೆ ಇದೂ ಬಿದ್ದುಹೋಯಿತು. ಕೆಲಸ ಮರಳಿ ಬರುವ ಎಷ್ಟೋ ತಿಂಗಳು ಮೊದಲೇ ರಕ್ಷಣೆ ಮುಗಿದುಹೋಗಿತ್ತು.

ಆ ಆದೇಶ ನೆಲದ ಮೇಲೆ ಹೇಗೆ ನಡೆಯಿತೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಬೀದಿಯ ಇನ್ನೊಂದು ಕಟ್ಟಡದ ಎರಡನೇ ಮಹಡಿಯಲ್ಲಿ ಖಾಸಗಿ ಆಸ್ಪತ್ರೆಯೊಂದರ ನರ್ಸ್ ತನ್ನ ತಂಗಿಯ ಜತೆ ಬಾಡಿಗೆಗಿದ್ದಳು. ಆಕೆ ರಾತ್ರಿ ಪಾಳಿ ಮುಗಿಸಿ ಬರುವುದನ್ನು ಕಂಡು ಅಕ್ಕಪಕ್ಕದವರು ಗೊಣಗತೊಡಗಿದರು. ಬಾಡಿಗೆ ಬಾಕಿಯಿಲ್ಲದಿದ್ದರೂ ಮಾಲೀಕರು ಮನೆ ಬಿಡಲು ಹೇಳಿದರು. ಆಕೆ ಒಪ್ಪದಿದ್ದಾಗ ಬಾಯಿಮಾತಿನಲ್ಲಿ ಗದರಿಸಲಿಲ್ಲ, ಸಾಮಾನು ಎಸೆಯಲಿಲ್ಲ. ಆ ಒಂದು ಮನೆಗೆ ಹೋಗುವ ನೀರಿನ ವಾಲ್ವ್ ತಿರುಗಿಸಿ, ಅದರ ಹಿಡಿಯನ್ನೇ ಕಳಚಿ ಒಳಗಿಟ್ಟುಕೊಂಡರು. ಕೈ ತೊಳೆಯಿರಿ, ಕೈ ತೊಳೆಯಿರಿ ಎಂದು ದೂರವಾಣಿಯಲ್ಲಿ ಪ್ರತಿ ಕರೆಗೂ ಮೊದಲು ಕೇಳಿಬರುತ್ತಿದ್ದ ದಿನಗಳಲ್ಲಿ, ಕೋವಿಡ್ ರೋಗಿಗಳ ಆರೈಕೆ ಮಾಡಿ ಬಂದ ಹೆಣ್ಣುಮಗಳು ನಮ್ಮ ಸಂಪಿನಿಂದ ಎರಡು ಬಿಂದಿಗೆ ನೀರು ಹೊತ್ತುಕೊಂಡು ಮೂರು ಮೆಟ್ಟಿಲಿಗೊಮ್ಮೆ ನಿಂತು ಹತ್ತುತ್ತಿದ್ದುದನ್ನು ನೋಡಿದ್ದೇನೆ. ಠಾಣೆಗೆ ಹೋದಾಗ ಇದು ಸಿವಿಲ್ ವ್ಯಾಜ್ಯ, ಮಾತಾಡಿಕೊಂಡು ಸರಿಮಾಡಿಕೊಳ್ಳಿ ಎಂದರಂತೆ. ವಾರದೊಳಗೆ ಅಕ್ಕತಂಗಿಯರಿಬ್ಬರೂ ಆ ಮನೆ ಬಿಟ್ಟರು.

ವೈದ್ಯಕೀಯ ಸಿಬ್ಬಂದಿಯನ್ನು ಮನೆಯಿಂದ ಹೊರಡಿಸುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಮಾರ್ಚ್ ಕೊನೆಯ ವಾರದಲ್ಲೇ ಎಚ್ಚರಿಸಿತ್ತು. ಏಪ್ರಿಲ್ 22ರಂದು ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ಆರೋಗ್ಯ ಸಿಬ್ಬಂದಿಯ ವಾಸಕ್ಕೆ ತೊಂದರೆ ಕೊಡುವುದನ್ನೂ ಶಿಕ್ಷಾರ್ಹ ಹಿಂಸೆಯ ವ್ಯಾಖ್ಯೆಯೊಳಗೆ ಸೇರಿಸಿತು. ಮೂರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸವನ್ನು ಗೊತ್ತುಪಡಿಸಿತು. ಕಾನೂನಿನಲ್ಲಿ ಇಷ್ಟು ಬಿಗಿಯಿದ್ದರೂ ಒಂದು ವಾಲ್ವ್‌ನ ಹಿಡಿಯನ್ನು ಮರಳಿ ಹಾಕಿಸುವ ಅಧಿಕಾರ ಯಾರಿಗಿದೆ ಎಂಬುದು ಠಾಣೆಯವರಿಗೂ ತಿಳಿದಿರಲಿಲ್ಲ. ಜೈಲು ಶಿಕ್ಷೆಯ ಮಾತು ದೊಡ್ಡದು, ಬಾಡಿಗೆದಾರನಿಗೆ ಆ ಸಂಜೆ ಬೇಕಾಗಿರುವುದು ನಲ್ಲಿಯಲ್ಲಿ ನೀರು.

ಸಾಲಗಾರರನ್ನು ನೋಡಿಕೊಂಡ ರೀತಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಅವಕಾಶ ಕೊಟ್ಟಿತು, ಮೇ 22ರಂದು ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಬಡ್ಡಿ ಏರುತ್ತಿತ್ತು ನಿಜ, ಆದರೂ ಆರು ತಿಂಗಳ ಕಾಲ ಮನೆ ಸಾಲದವರ ಬಾಗಿಲಿಗೆ ಯಾರೂ ಬರಲಿಲ್ಲ. ಅದೇ ಕಟ್ಟಡದಲ್ಲಿ ಬಾಡಿಗೆಗಿದ್ದವನಿಗೆ ಸಿಕ್ಕಿದ್ದು ಒಂದು ತಿಂಗಳ ಅಸ್ಪಷ್ಟ ಸಾಲು. ಬ್ಯಾಂಕಿನ ಪುಸ್ತಕದಲ್ಲಿ ಹೆಸರಿರುವವನನ್ನು ಸರ್ಕಾರ ಸುಲಭವಾಗಿ ಗುರುತಿಸುತ್ತದೆ. ಮಾಲೀಕಳ ಬಾಡಿಗೆ ಪುಸ್ತಕದಲ್ಲಿ ಮಾತ್ರ ಹೆಸರಿರುವವನು ಅದರ ಕಣ್ಣಿಗೆ ಬೀಳುವುದಿಲ್ಲ.

ಸಾಮಾನ್ಯ ದಿನಗಳ ಕಾನೂನೂ ಬಡ ಬಾಡಿಗೆದಾರನಿಗೆ ಎಟುಕುವಂತಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಸಕಾರಣವಿಲ್ಲದೆ ಮನೆ ಬಿಡಿಸುವುದನ್ನು ತಡೆಯುತ್ತದೆ, ನೀರು-ದೀಪ ಕಡಿಯುವುದನ್ನು ನಿಷೇಧಿಸುತ್ತದೆ. ಆದರೆ ಅದು ಅನ್ವಯಿಸುವುದು ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರದ ಮನೆಗಳಿಗೆ ಮಾತ್ರ. ಆ ಮಿತಿ ಬರೆದ ಕಾಲದಲ್ಲಿ 3,500 ರೂಪಾಯಿಗೆ ಮಧ್ಯಮ ವರ್ಗದವರಿಗೂ ಒಳ್ಳೆಯ ಮನೆ ಸಿಗುತ್ತಿತ್ತು. ಈಗ ನಮ್ಮ ಬೀದಿಯಲ್ಲಿ ಒಂದು ಕೋಣೆ, ಗೋಡೆಗೆ ಅಂಟಿದ ಅಡುಗೆಮನೆ ಇರುವ ಜಾಗಕ್ಕೇ ಏಳೆಂಟು ಸಾವಿರ ನಡೆಯುತ್ತಿದೆ. ನನ್ನ 4,500 ರೂಪಾಯಿಯ ಮನೆಯೂ 2020ರಲ್ಲೇ ಕಾಯ್ದೆಯ ಹೊರಗಿತ್ತು. ಹೊರಗೆ ಬಿದ್ದವರಿಗೆ ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ತಿಂಗಳ ಬಾಡಿಗೆಯವರನ್ನು ಕಾರಣ ಹೇಳದೆ ಹದಿನೈದು ದಿನದ ನೋಟಿಸು ಕೊಟ್ಟು ಬಿಡಿಸಲು ಅದರಲ್ಲಿ ಅವಕಾಶವಿದೆ. ಬಲವಂತದಿಂದ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಪಡೆಯುವ ಹಕ್ಕು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿದೆ ಎನ್ನುವುದು ನಿಜ. ದಿನಗೂಲಿ ಬಿಟ್ಟು, ವಕೀಲರಿಗೆ ಹಣ ಹೊಂದಿಸಿ, ಸಾಮಾನನ್ನು ಬೀದಿಯಲ್ಲಿಟ್ಟುಕೊಂಡು ಅದನ್ನು ಬಳಸಿಕೊಂಡವರೊಬ್ಬರನ್ನೂ ನಾನು ಕಂಡಿಲ್ಲ.

ಇದಕ್ಕೂ ಕೆಳಗಿನ ಒಂದು ಪದರವಿದೆ. ಖಾಲಿ ನಿವೇಶನದಲ್ಲಿ ತಗಡಿನ ಶೆಡ್ಡೋ ನೀಲಿ ಟಾರ್ಪಾಲಿನ ಗುಡಿಸಲೋ ಹಾಕಿಕೊಂಡು, ನೆಲದ ಯಜಮಾನನಿಗೆ ತಿಂಗಳು ತಿಂಗಳು ನೆಲಬಾಡಿಗೆ ಕಟ್ಟುವ ಕಾರ್ಮಿಕರು ನಗರದ ಪೂರ್ವಭಾಗದಲ್ಲಿ ಬಹಳ ಮಂದಿ ಇದ್ದಾರೆ. ಕೋವಿಡ್ ಬರುವ ಎರಡು ತಿಂಗಳು ಮೊದಲು, 2020ರ ಜನವರಿಯಲ್ಲಿ, ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಅಲ್ಲಿದ್ದವರು ವಿದೇಶೀಯರೆಂಬ ಗುಲ್ಲು ಎದ್ದಿತ್ತು, ಮನೆ ಕಳೆದುಕೊಂಡವರಲ್ಲಿ ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಆ ತೆರವು ಕಾನೂನುಬಾಹಿರವೆಂದು ರಾಜ್ಯದ ಹೈಕೋರ್ಟ್ ಹೇಳಿತು. ಬಾಡಿಗೆ ಕಟ್ಟುತ್ತಿದ್ದರೂ ಬಾಡಿಗೆದಾರರೆಂದು ಕರೆಸಿಕೊಳ್ಳದ ಇವರನ್ನು ಹೊರಗಿಟ್ಟು ಮಾಡುವ ಯಾವ ಕಾನೂನೂ ಅರ್ಧ ಕಾನೂನೇ.

ಮನೆ ಬಿಡಿಸುವುದು ಎರಡು ಸಂಸಾರಗಳ ನಡುವಿನ ವ್ಯವಹಾರ, ಅದಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಹೊರಬಿದ್ದ ಸಂಸಾರ ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಅಣ್ಣನ ಒಂದೇ ಕೋಣೆಯ ಮನೆಗೆ, ಊರಿನವರೊಬ್ಬರ ಶೆಡ್ಡಿಗೆ, ಇಲ್ಲವೇ ತುಂಬಿದ ಬಸ್ಸಿಗೆ ಸೇರುತ್ತದೆ. ನಾಲ್ವರಿದ್ದಲ್ಲಿ ಎಂಟು ಜನ, ಒಂದು ನಲ್ಲಿ, ಒಂದು ಶೌಚಾಲಯ. ಅಮೆರಿಕದಲ್ಲಿ 2020ರ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯನ್ನು ಅಧ್ಯಯನ ಮಾಡಿದ ಸಂಶೋಧಕರು, ತೆರವಿಗೆ ಹಾಕಿದ್ದ ತಡೆಯನ್ನು ತೆಗೆದುಬಿಟ್ಟ 27 ರಾಜ್ಯಗಳಲ್ಲಿ ಆ ಕಾರಣದಿಂದ 4,33,700 ಹೆಚ್ಚುವರಿ ಸೋಂಕು ಮತ್ತು 10,700 ಹೆಚ್ಚುವರಿ ಸಾವು ಸಂಭವಿಸಿರಬಹುದೆಂದು ಅಂದಾಜು ಮಾಡಿದರು. ಅದು ಅಲ್ಲಿನ ಲೆಕ್ಕ, ನಮ್ಮ ವಠಾರಗಳ ಇಕ್ಕಟ್ಟು ಅಲ್ಲಿಲ್ಲ. 2020ರ ಮೇ ತಿಂಗಳ ಮೊದಲ ವಾರ ಮೆಜೆಸ್ಟಿಕ್‌ನಲ್ಲಿ ಸೇರಿದ್ದ ಜನಸಾಗರದ ಚಿತ್ರಗಳನ್ನು ನೋಡಿದವರಿಗೆ, ಮನೆಯೊಳಗಿರಬೇಕಾದವರು ಬಸ್ ನಿಲ್ದಾಣದಲ್ಲೇಕೆ ಇದ್ದರೆಂದು ಬೇರೆ ಹೇಳಬೇಕಿಲ್ಲ. ಅನ್ನ ಹೇಗೋ ದಾನಿಗಳಿಂದ ಸಿಕ್ಕೀತು, ಬಾಡಿಗೆಯನ್ನು ಯಾರೂ ಪೊಟ್ಟಣ ಕಟ್ಟಿ ಹಂಚುತ್ತಿರಲಿಲ್ಲ. ನಮ್ಮ ಯಾದಗಿರಿಯ ಸಂಸಾರ ಹೊರಟದ್ದೂ ಅದೇ ವಾರ, ಅದೇ ನಿಲ್ದಾಣದಿಂದ.

ಇನ್ನು ಮಾಲೀಕರ ಮಾತು. ಬಾಡಿಗೆ ನಿಂತ ಆ ಮೂರು ತಿಂಗಳು ನನಗೆ ಸುಲಭವಾಗಿರಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಗೆ ತಂಗಿಯ ಮಗನ ಬಳಿ ಕೈಸಾಲ ಮಾಡಿದ್ದೇನೆ. ನಮ್ಮ ಮೇಲಿನ ಮನೆಯ ಬಾಡಿಗೆದಾರರೊಬ್ಬರು ಸಂಬಳ ಪೂರ್ತಿ ಬರುತ್ತಿದ್ದೂ, ಕಾರ್ಮಿಕರಿಗೆಂದು ಬಂದ ಆದೇಶವನ್ನೇ ತೋರಿಸಿ ಎರಡು ತಿಂಗಳು ಬಾಡಿಗೆ ಕೊಡಲಿಲ್ಲ. ಇಂಥವರೂ ಇದ್ದರೆಂಬುದನ್ನು ಮುಚ್ಚಿಟ್ಟು ಬಾಡಿಗೆದಾರರ ಪರ ವಾದಿಸುವುದು ನ್ಯಾಯವಲ್ಲ. ಸಮಾಜದ ಹೊಣೆಯನ್ನು ಮಾಲೀಕರೊಬ್ಬರ ತಲೆಯ ಮೇಲೆ ಹೊರಿಸಿದ್ದೇ ಮಾರ್ಚ್ 29ರ ಆದೇಶದ ದೊಡ್ಡ ದೋಷ. ರೋಗ ಹರಡದಂತೆ ಒಂದು ಸಂಸಾರ ಮನೆಯೊಳಗೆ ಉಳಿಯುವುದರಿಂದ ಇಡೀ ಊರಿಗೆ ಲಾಭವಿದ್ದರೆ ಅದರ ಖರ್ಚೂ ಇಡೀ ಊರಿನದಾಗಬೇಕು, ಅಂದರೆ ಸರ್ಕಾರದ ಬೊಕ್ಕಸದಿಂದ ಬರಬೇಕು.

ಆ ಹಣ ಬರಲಿಲ್ಲ. 2020ರ ಮೇ 6ರಂದು ನಮ್ಮ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಘೋಷಿಸಿತು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ 5,000 ರೂಪಾಯಿ, ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಮೇಲೆ 3,000. ಒಳ್ಳೆಯ ಕೆಲಸವೇ, ಆ ಹಣ ಎಷ್ಟೋ ಮನೆಗಳಲ್ಲಿ ಒಲೆ ಉರಿಸಿತು. ಆದರೆ ಬಾಡಿಗೆಗೆಂದೇ ಇಟ್ಟ ಹಣ ಅದರಲ್ಲಿರಲಿಲ್ಲ, ಹೊಲಿಗೆ ಕಾರ್ಖಾನೆಯ ಹೆಣ್ಣುಮಕ್ಕಳ ಹೆಸರೂ ಇರಲಿಲ್ಲ. ದೆಹಲಿಯಲ್ಲಿ ಅಲ್ಲಿನ ಮುಖ್ಯಮಂತ್ರಿಗಳು ಮಾರ್ಚ್ 29ರ ಪತ್ರಿಕಾಗೋಷ್ಠಿಯಲ್ಲಿ, ಬಡ ಬಾಡಿಗೆದಾರರು ಕೊಡಲಾಗದ ಬಾಡಿಗೆಯನ್ನು ಸರ್ಕಾರವೇ ಕೊಡುವುದೆಂದು ಮಾತು ಕೊಟ್ಟರು. ಆ ಮಾತನ್ನು ನಂಬಿದವರು ಹೈಕೋರ್ಟಿಗೆ ಹೋದರು. 2021ರ ಜುಲೈ 22ರಂದು ಏಕಸದಸ್ಯ ಪೀಠವು ಮುಖ್ಯಮಂತ್ರಿಯ ಮಾತಿಗೆ ಬೆಲೆಯಿದೆ, ಆರು ವಾರದೊಳಗೆ ತೀರ್ಮಾನ ಕೈಗೊಳ್ಳಿ ಎಂದಿತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಮಾತನ್ನು ಕಾನೂನಾಗಿ ಬರೆಯದೆ ಬಿಟ್ಟರೆ ಆಗುವುದು ಇಷ್ಟೇ.

ಜರ್ಮನಿಯವರು ಇದನ್ನು ಮೊದಲೇ ಕಾನೂನಿನಲ್ಲಿ ಬರೆದರು. ಕೋವಿಡ್‌ನಿಂದಾಗಿ 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಬಾಡಿಗೆ ಬಾಕಿ ಉಳಿದರೆ ಆ ಕಾರಣಕ್ಕೆ ಕರಾರು ರದ್ದುಪಡಿಸುವಂತಿಲ್ಲ, ಬಾಕಿಯನ್ನು 2022ರ ಜೂನ್ 30ರೊಳಗೆ ತೀರಿಸಬೇಕು ಎಂದು. ಸಾಲ ಮನ್ನಾ ಆಗಲಿಲ್ಲ, ಮನೆಯೂ ತಪ್ಪಲಿಲ್ಲ, ಎರಡು ಕಡೆಯವರಿಗೂ ತಾರೀಕು ತಿಳಿದಿತ್ತು. ಅಮೆರಿಕವು ತೆರವು ತಡೆಯುವ ಆದೇಶವನ್ನೂ ಮಾಡಿತು, 46 ಶತಕೋಟಿ ಡಾಲರಿಗೂ ಹೆಚ್ಚು ಬಾಡಿಗೆ ನೆರವನ್ನೂ ತೆಗೆದಿಟ್ಟಿತು. ಆದರೆ 2021ರ ಆಗಸ್ಟ್ 26ರಂದು ಅಲ್ಲಿನ ಸುಪ್ರೀಂ ಕೋರ್ಟ್ ತಡೆಯನ್ನು ತೆಗೆದಾಗ ಆ ಹಣದ ಬಹುಪಾಲು ಜನರ ಕೈಗಿನ್ನೂ ಸೇರಿರಲಿಲ್ಲ. ಹಣ ಇಟ್ಟರಷ್ಟೇ ಸಾಲದು, ಅದು ತಲುಪುವ ದಾರಿಯೂ ಮೊದಲೇ ಸಿದ್ಧವಾಗಿರಬೇಕು.

ನಮ್ಮಲ್ಲಿ ಆ ದಾರಿಗೆ ಅಡ್ಡಿ ಕಾಗದದ್ದು. ಆಟೊ ಚಾಲಕರು ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಲೈಸೆನ್ಸು ತೋರಿಸಿ ಪರಿಹಾರ ಪಡೆದರು. ಬಾಡಿಗೆದಾರರು ತೋರಿಸುವುದೇನನ್ನು? ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಬೇಕೆಂಬ ಕಾರಣಕ್ಕೆ ಹನ್ನೊಂದು ತಿಂಗಳ ಕರಾರು ಬರೆಯುವುದು ನಮ್ಮ ರೂಢಿ. ಸಣ್ಣ ಮನೆಗಳಿಗೆ ಅದೂ ಇರುವುದಿಲ್ಲ, ಬಾಯಿಮಾತಿನಲ್ಲೇ ಎಲ್ಲ ಮುಗಿಯುತ್ತದೆ. ಪಡಿತರ ಚೀಟಿ ಊರಿನಲ್ಲಿರುತ್ತದೆ, ಮತದಾರರ ಪಟ್ಟಿಯಲ್ಲಿ ಊರಿನ ವಿಳಾಸವೇ ಇರುತ್ತದೆ. ನಾನೂ ಆ ಸಂಸಾರಕ್ಕೆ ಕರಾರು ಪತ್ರ ಮಾಡಿಕೊಟ್ಟಿರಲಿಲ್ಲ. ಅಂದು ಸರ್ಕಾರ ಬಾಡಿಗೆ ನೆರವು ಘೋಷಿಸಿದ್ದರೂ ಅವರು ನನ್ನ ಮನೆಯಲ್ಲಿ ಮೂರು ವರ್ಷ ಇದ್ದರೆಂಬುದಕ್ಕೆ ನನ್ನ ಕೈಬರಹದ ಪುಸ್ತಕವೊಂದನ್ನು ಬಿಟ್ಟು ಬೇರೆ ಸಾಕ್ಷ್ಯವಿರಲಿಲ್ಲ. ಇದು ನನ್ನ ತಪ್ಪು, ನನ್ನಂಥ ಸಾವಿರಾರು ಮಾಲೀಕರ ತಪ್ಪು.

2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಕೆಲವು ಒಳ್ಳೆಯ ಅಂಶಗಳಿವೆ. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು, ಎಲ್ಲ ಕರಾರೂ ಬರಹದಲ್ಲಿರಬೇಕು, ನೀರು-ದೀಪ ಕಡಿಯಬಾರದು, ವ್ಯಾಜ್ಯ ಬಿಡಿಸಲು ಪ್ರತ್ಯೇಕ ಬಾಡಿಗೆ ಪ್ರಾಧಿಕಾರ ಮತ್ತು ನ್ಯಾಯಾಲಯ ಇರಬೇಕು ಎನ್ನುತ್ತದೆ ಅದು. ವಿಪತ್ತಿನ ಸಮಯದಲ್ಲಿ ಕರಾರಿನ ಅವಧಿ ಮುಗಿದರೆ, ವಿಪತ್ತು ಕಳೆದ ಮೇಲೆ ಇನ್ನೂ ಒಂದು ತಿಂಗಳು ಹಳೆಯ ಷರತ್ತಿನಲ್ಲೇ ಇರಲು ಬಿಡಬೇಕೆಂಬ ನಿಯಮವೂ ಇದೆ. ಆದರೆ ವಿಪತ್ತೆಂದರೆ ಏನೆಂದು ಹೇಳುವಾಗ ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪಗಳನ್ನು ಹೆಸರಿಸುವ ಆ ಕರಡು, ಕೋವಿಡ್‌ನ ಎರಡನೇ ಅಲೆಯ ನಡುವೆಯೇ ಹೊರಬಂದರೂ, ಸಾಂಕ್ರಾಮಿಕವನ್ನು ಹೆಸರಿಸಿಲ್ಲ. ಕೆಲಸವಿಲ್ಲದೆ ಬಾಡಿಗೆ ಕಟ್ಟಲಾಗದವನ ಬಗ್ಗೆಯೂ ಅದರಲ್ಲಿ ಮಾತಿಲ್ಲ. ಎರಡು ತಿಂಗಳು ಸತತ ಬಾಡಿಗೆ ಕೊಡದಿದ್ದರೆ ಬಿಡಿಸಲು ಅದು ಕಾರಣವಾಗುತ್ತದೆ. ಇದನ್ನು ಹಾಗೆಯೇ ನಮ್ಮ ರಾಜ್ಯಕ್ಕೆ ತಂದರೆ ಪ್ರಯೋಜನ ಕಡಿಮೆ.

ನಮ್ಮ ಶಾಸಕರು ಮಾಡಬಹುದಾದ ಕೆಲಸ ಬೇರೆಯೇ ಇದೆ. 2020ರಲ್ಲಿ ಮಾಡಿದ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ ಈಗಲೂ ಜಾರಿಯಲ್ಲಿದೆ. ಅದಕ್ಕೆ ಬಾಡಿಗೆ ಮನೆಗಳ ರಕ್ಷಣೆಗೆಂದೇ ಒಂದು ಕಲಮು ಸೇರಿಸಲಿ. ಸಾಂಕ್ರಾಮಿಕವೆಂದು ಅಧಿಸೂಚನೆ ಹೊರಟ ದಿನದಿಂದ ಅದನ್ನು ಹಿಂಪಡೆದ ಮೇಲೆ ಮೂರು ತಿಂಗಳವರೆಗೆ, ಬಾಡಿಗೆ ಬಾಕಿಗಾಗಿ ಅಥವಾ ಸೋಂಕಿನ ಭಯಕ್ಕಾಗಿ ಯಾರನ್ನೂ ಮನೆ ಬಿಡಿಸುವಂತಿಲ್ಲವೆಂದು ಅಲ್ಲಿ ಬರೆಯಲಿ. ಬಾಕಿಯನ್ನು ಹನ್ನೆರಡು ಕಂತುಗಳಲ್ಲಿ ತೀರಿಸಬೇಕೆಂದೂ ಬರೆಯಲಿ. ಬಾಡಿಗೆ ತಿಂಗಳಿಗೆ ಹತ್ತು ಸಾವಿರದೊಳಗಿದ್ದು ಆದಾಯ ನಿಂತವರಿಗೆ, ಬಾಡಿಗೆಯ ಅರ್ಧವನ್ನು ಸರ್ಕಾರ ನೇರವಾಗಿ ಮಾಲೀಕರ ಖಾತೆಗೆ ಹಾಕಲಿ. ಸಂಬಳ ಬರುತ್ತಿದ್ದೂ ಕೊಡದವರಿಗೆ ಈ ರಕ್ಷಣೆ ಬೇಡ. ನೀರು ನಿಲ್ಲಿಸಿದರೆ, ಬೀಗ ಜಡಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಸರಿಪಡಿಸುವ ಅಧಿಕಾರವನ್ನು ವಾರ್ಡ್ ಮಟ್ಟದ ಒಬ್ಬ ಅಧಿಕಾರಿಗೆ ಹೆಸರಿಟ್ಟು ಕೊಡಲಿ. ಬಾಡಿಗೆ ಕಾಯ್ದೆಯ 3,500 ರೂಪಾಯಿಯ ಮಿತಿಯನ್ನು ಇಂದಿನ ದರಕ್ಕೆ ಏರಿಸಲಿ. ಶುಲ್ಕವೂ ಮುದ್ರಾಂಕವೂ ಇಲ್ಲದ ಒಂದು ಪುಟದ ಬಾಡಿಗೆ ನೋಂದಣಿಯನ್ನು ವಾರ್ಡ್ ಕಚೇರಿಯಲ್ಲಿ ಆರಂಭಿಸಲಿ. ಅದರ ಮಾಹಿತಿಯನ್ನು ತೆರಿಗೆಗಾಗಿ ಬಳಸುವುದಿಲ್ಲವೆಂದು ಸರ್ಕಾರ ಮಾತು ಕೊಟ್ಟರೆ ನನ್ನಂಥ ಸಣ್ಣ ಮಾಲೀಕರು ತಾವಾಗಿಯೇ ಬರೆಸುತ್ತಾರೆ.

ಇವೆಲ್ಲ ಇರುವ ಮನೆಯನ್ನು ಉಳಿಸಿಕೊಡುವ ದಾರಿಗಳು. ಕೈಗೆಟುಕುವ ಬಾಡಿಗೆಯ ಮನೆಗಳೇ ಕಡಿಮೆಯಿರುವಾಗ ಯಾವ ಕಾನೂನೂ ಬಹಳ ದಿನ ನಿಲ್ಲದು. 2012ರಲ್ಲಿ ಕೇಂದ್ರದ ತಾಂತ್ರಿಕ ಸಮಿತಿ ದೇಶದ ನಗರಗಳಲ್ಲಿ 1.878 ಕೋಟಿ ಮನೆಗಳ ಕೊರತೆಯಿದೆ ಎಂದಿತು, ಅದರಲ್ಲಿ ನೂರಕ್ಕೆ 95ರಷ್ಟು ಬಡವರ ಮತ್ತು ಕಡಿಮೆ ಆದಾಯದವರ ಪಾಲಿನದು. 2011ರ ಜನಗಣತಿಯಲ್ಲೋ ಅದೇ ನಗರಗಳಲ್ಲಿ ಒಂದು ಕೋಟಿಗೂ ಮೀರಿ ಮನೆಗಳು ಬೀಗ ಹಾಕಿಕೊಂಡು ಖಾಲಿ ನಿಂತಿದ್ದವು. ವಸತಿ ಎಂದೊಡನೆ ನಮ್ಮ ಸರ್ಕಾರಗಳಿಗೆ ಹೊಳೆಯುವುದು ಸ್ವಂತ ಮನೆ, ಹಕ್ಕುಪತ್ರ, ಫಲಾನುಭವಿಗಳ ಪಟ್ಟಿ. ಆರು ತಿಂಗಳು ಇಲ್ಲಿ, ಆರು ತಿಂಗಳು ಊರಿನಲ್ಲಿ ಇರುವ ಸೆಂಟ್ರಿಂಗ್ ಕೆಲಸದವನಿಗೆ ಬೇಕಾದದ್ದು ಎರಡು ಸಾವಿರಕ್ಕೋ ಮೂರು ಸಾವಿರಕ್ಕೋ ಸಿಗುವ, ನೀರು-ಶೌಚಾಲಯವಿರುವ ಬಾಡಿಗೆ ಕೋಣೆ. 2020ರ ಜುಲೈ 8ರಂದು ಕೇಂದ್ರ ಸಂಪುಟ ಒಪ್ಪಿದ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆಯಲ್ಲಿ ಸರ್ಕಾರಿ ಹಣದಿಂದ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಕಾರ್ಮಿಕರಿಗೆ ಬಾಡಿಗೆಗೆ ಕೊಡುವ ಒಳ್ಳೆಯ ಆಲೋಚನೆಯಿತ್ತು. ಗೃಹ ಮಂಡಳಿ, ಕೊಳಗೇರಿ ಅಭಿವೃದ್ಧಿ ಮಂಡಳಿ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಇವುಗಳ ಬಳಿ ಖಾಲಿಯಿರುವ ಪ್ರತಿ ಮನೆಯ ಲೆಕ್ಕವನ್ನು ಸರ್ಕಾರ ಪ್ರಕಟಿಸಿ, ಅವನ್ನು ಪೀಣ್ಯ, ಬೊಮ್ಮಸಂದ್ರ, ಬಿಡದಿಯಂಥ ಕಡೆ ದುಡಿಯುವವರಿಗೆ ಬಾಡಿಗೆಗೆ ಕೊಡಲಿ.

ರೋಗವೊಂದು ಬಂದು ಮನೆಗಳ ಬಗ್ಗೆ ಯೋಚಿಸುವಂತೆ ಮಾಡುವುದು ಈ ಊರಿಗೆ ಹೊಸದೂ ಅಲ್ಲ. 1898ರಲ್ಲಿ ಪ್ಲೇಗ್ ಹೊಕ್ಕಾಗ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಜನ ಸತ್ತರು. ಅಗಲ ರಸ್ತೆ, ಗಾಳಿ ಬೆಳಕಿನ ನಿವೇಶನ, ಹಿತ್ತಲ ಸಂದಿಗಳ ಬಸವನಗುಡಿ ಮತ್ತು ಮಲ್ಲೇಶ್ವರಗಳು ತುಂಬತೊಡಗಿದ್ದು ಆ ಭಯದ ಬೆನ್ನಲ್ಲೇ. ನಿವೇಶನ ಕೊಳ್ಳುವ ಶಕ್ತಿಯಿದ್ದವರು ಹೊಸ ಬಡಾವಣೆಗೆ ಬಂದರು, ಇಲ್ಲದವರು ಪೇಟೆಯಲ್ಲೇ ಉಳಿದರು. ಅಂದು ಬಾಡಿಗೆದಾರರಿಗಾಗಿ ಮಾಡದೆ ಉಳಿದ ಕೆಲಸ 122 ವರ್ಷಗಳ ನಂತರವೂ ಹಾಗೆಯೇ ಉಳಿದಿತ್ತು.

ಯಾದಗಿರಿಯ ಆ ಸಂಸಾರ 2020ರ ನವೆಂಬರ್‌ನಲ್ಲಿ ಮರಳಿ ಬಂತು. ಅಡ್ವಾನ್ಸಿನಲ್ಲಿ ನಾನು ಮುರಿದುಕೊಂಡದ್ದು ಏಪ್ರಿಲ್‌ನ ಬಾಕಿಯನ್ನು ಮಾತ್ರ, ಮನೆಯನ್ನು ಬೇರೆಯವರಿಗೆ ಕೊಟ್ಟಿರಲಿಲ್ಲ. ಹಾಗೆ ಮಾಡಲು ನನಗೆ ಸಾಧ್ಯವಾದದ್ದು ಸಾಲ ಕೊಡುವ ತಂಗಿಯ ಮಗನಿದ್ದುದರಿಂದ. ನಮ್ಮ ಬೀದಿಯಲ್ಲಿ ಆ ವರ್ಷ ಖಾಲಿಯಾದ ಇನ್ನೂ ಒಂಬತ್ತು ಮನೆಗಳಿಗೆ ಹಳಬರು ಯಾರೂ ತಿರುಗಿ ಬರಲಿಲ್ಲ. ಮೇಲೆ ಹೇಳಿದ ಬೇಡಿಕೆಗಳನ್ನು ಮನವಿಯ ರೂಪದಲ್ಲಿ ನಮ್ಮ ಕ್ಷೇತ್ರದ ಶಾಸಕರಿಗೂ ವಸತಿ ಮತ್ತು ಆರೋಗ್ಯ ಸಚಿವರಿಗೂ ಅಂಚೆಯಲ್ಲಿ ಕಳಿಸಿದ್ದೇನೆ. ಬಾಡಿಗೆ ಪುಸ್ತಕದ ಏಪ್ರಿಲ್, ಮೇ, ಜೂನ್ ಪುಟಗಳ ನೆರಳಚ್ಚುಗಳನ್ನು ಅದರ ಜತೆ ಲಗತ್ತಿಸಿದ್ದೇನೆ.

ಇತಿ, ತಮ್ಮ ವಿಶ್ವಾಸಿ,
ಒಬ್ಬ ಮನೆ ಮಾಲೀಕಳು
ಲಗ್ಗೆರೆ, ಬೆಂಗಳೂರು